ಸ್ಟೀರಿಂಗ್ ಬಿಟ್ಟುಕೊಟ್ಟವರ ಗೆಲುವು

"ಇಪ್ಪತ್ನಾಲ್ಕು ಗಂಟೆ ಒಂದೇ ಸಮನೆ ಓಡಿಸ್ತಾರಾ? ಒಂದು ಗಾಡಿಗೆ ಎಷ್ಟು ಜನ ಡ್ರೈವರು?"

ಪ್ಯಾರಿಸ್ಸಿನಿಂದ ಫೋನ್ ಮಾಡಿ, ಕಾರ್ ರೇಸ್ ನೋಡೋಕೆ ಹೋಗ್ತಿದ್ದೀನಿ ಅಂದಾಗ ಅಪ್ಪ ಕೇಳಿದ ಮೊದಲ ಪ್ರಶ್ನೆ ಇದು. ಬೇರೆಯವರೆಲ್ಲ ಯಾವ ಕಾರು, ಎಷ್ಟು ಸ್ಪೀಡು, ಟಿಕೆಟ್ಟಿಗೆ ಎಷ್ಟು ದುಡ್ಡು ಅಂತ ಕೇಳಿದ್ದರು. ಅಪ್ಪ ಮಾತ್ರ ಡ್ರೈವರ್ ಎಷ್ಟು ಜನ ಅಂತ ಕೇಳಿದರು. ಕೇಳದೆ ಇರುತ್ತಾರೆಯೇ? ಸುಮಾರು ಮೂವತ್ತು ವರ್ಷ ಸರ್ಕಾರಿ ಬಸ್ಸು ಓಡಿಸಿ ನಿವೃತ್ತರಾದವರು. ಅದರಲ್ಲೂ ಕೊನೆಯ ಎಂಟು ವರ್ಷ ಬೆಂಗಳೂರು–ಮುಂಬೈ ರಾತ್ರಿ ಬಸ್ಸು.

"ಮೂರು ಜನ ಅಪ್ಪಾ."

"ಹಂಗಾದ್ರೆ ಪರವಾಗಿಲ್ಲ" ಅಂದರು, ತಾವೇ ಪರ್ಮಿಟ್ ಕೊಡುವವರ ಹಾಗೆ.

ರೇಸ್ ವಿಷಯಕ್ಕೆ ಹೋಗುವ ಮುಂಚೆ ನನ್ನ ವಿಷಯ ಸ್ವಲ್ಪ ಹೇಳಬೇಕು. ನಾನು ಸಾಫ್ಟ್‌ವೇರ್ ಇಂಜಿನಿಯರ್. 2023ರ ಫೆಬ್ರುವರಿಯಲ್ಲಿ ಬೆಂಗಳೂರಿನ ಆಫೀಸಿನಲ್ಲಿ ಒಂದು ದೊಡ್ಡ ಡೇಟಾಬೇಸನ್ನು ಹಳೆಯ ಸರ್ವರ್‌ನಿಂದ ಹೊಸದಕ್ಕೆ ಸಾಗಿಸುವ ಕೆಲಸ ನನ್ನ ತಲೆಯ ಮೇಲಿತ್ತು. ಸತತ ಮೂವತ್ತು ಗಂಟೆ ಕೂತೆ. ಮಧ್ಯರಾತ್ರಿ ನನ್ನ ತಂಡದ ಹುಡುಗಿಯೊಬ್ಬಳು, "ಸರ್, ನೀವು ಎರಡು ಗಂಟೆ ಮಲಗಿ, ನಾನು ನೋಡ್ಕೋತೀನಿ" ಅಂದಳು. ನಾನು ಬಿಡಲಿಲ್ಲ. ಅವಳಿಗೆ ಎಲ್ಲ ವಿವರಿಸಿ ಹೇಳುವಷ್ಟರಲ್ಲಿ ನಾನೇ ಮುಗಿಸಬಹುದು ಅನ್ನೋ ಅಹಂಕಾರ. ಬೆಳಗಿನ ಜಾವ ನಾಲ್ಕಕ್ಕೆ ನಿದ್ದೆಗಣ್ಣಲ್ಲಿ ಒಂದು ಮಷೀನಿನಲ್ಲಿ ಕೊಡಬೇಕಾದ ಕಮಾಂಡನ್ನು ಇನ್ನೊಂದರಲ್ಲಿ ಕೊಟ್ಟೆ. ಅಳಿಸಿಹೋದದ್ದನ್ನು ಸರಿಪಡಿಸೋಕೆ ಇಡೀ ತಂಡಕ್ಕೆ ಎರಡು ದಿನ ಹಿಡಿಯಿತು.

ಅದಾದರೂ ಸರಿಹೋಯಿತು. ಅದೇ ರಾತ್ರಿ ಹಾಸನದ ಮನೆಯಲ್ಲಿ ಅಪ್ಪ ಬಚ್ಚಲಲ್ಲಿ ಬಿದ್ದಿದ್ದರು. ಅಮ್ಮ ಹನ್ನೊಂದು ಸಲ ಫೋನ್ ಮಾಡಿದ್ದಳು. ನಾನು ಸೈಲೆಂಟ್‌ಗೆ ಹಾಕಿ ಬ್ಯಾಗಿನೊಳಗೆ ಇಟ್ಟಿದ್ದೆ. ಪಕ್ಕದ ಮನೆಯವರು ಆಟೋದಲ್ಲಿ ಆಸ್ಪತ್ರೆಗೆ ಸೇರಿಸಿದರು. ಲಘು ಪಾರ್ಶ್ವವಾಯು. ಜೀವಕ್ಕೆ ಅಪಾಯವಾಗಲಿಲ್ಲ, ಆದರೆ ಬಲಗೈಯ ಹಿಡಿತ ಹೋಯಿತು. ಯಾರೂ ನನ್ನನ್ನು ಬೈಯಲಿಲ್ಲ. "ನೀನು ಕೆಲಸದಲ್ಲಿರ್ತೀಯ ಅಂತ ಗೊತ್ತಿತ್ತು ಬಿಡು" ಅಂದಳು ಅಮ್ಮ. ಬೈದಿದ್ದರೆ ಚೆನ್ನಾಗಿರುತ್ತಿತ್ತು.

ಏಪ್ರಿಲ್‌ನಲ್ಲಿ ಕಂಪನಿ ಕೆಲಸದ ಮೇಲೆ ಪ್ಯಾರಿಸ್ಸಿಗೆ ಬಂದೆ. ಅಪ್ಪ ಚೇತರಿಸಿಕೊಂಡಿದ್ದರು, "ಹೋಗಿ ಬಾ" ಅಂತ ಅವರೇ ಕಳಿಸಿದರು. ಜೂನ್ ಮೊದಲ ವಾರ ಅಲ್ಲಿನ ಒಬ್ಬ ಹಿರಿಯ ಸಹೋದ್ಯೋಗಿ, "ನಮ್ಮ ಗುಂಪಿನಲ್ಲಿ ಒಬ್ಬ ಬರ್ತಿಲ್ಲ, ಒಂದು ಟಿಕೆಟ್ ಉಳಿದಿದೆ, ಲೆ ಮಾನ್‌ಗೆ ಬರ್ತೀಯಾ?" ಅಂತ ಕೇಳಿದರು. ಆ ವರ್ಷ ಈ ರೇಸ್ ಶುರುವಾಗಿ ನೂರು ವರ್ಷ. ಟಿಕೆಟ್ಟುಗಳೆಲ್ಲ ಯಾವಾಗಲೋ ಖಾಲಿಯಾಗಿದ್ದವು. ಹೂಂ ಅಂದುಬಿಟ್ಟೆ.

ಊರೇ ಟ್ರ್ಯಾಕು

ಪ್ಯಾರಿಸ್ಸಿನ ಮೊಂಪರ್‌ನಾಸ್ ನಿಲ್ದಾಣದಿಂದ ಲೆ ಮಾನ್‌ಗೆ ವೇಗದ ರೈಲಿನಲ್ಲಿ ಸುಮಾರು ಒಂದು ಗಂಟೆ ದಾರಿ. ಊರಿನ ಜನಸಂಖ್ಯೆ ಒಂದೂವರೆ ಲಕ್ಷದ ಆಸುಪಾಸು. ಆ ವಾರಾಂತ್ಯ ಅಲ್ಲಿ ಸೇರಿದ್ದ ಪ್ರೇಕ್ಷಕರು 3.25 ಲಕ್ಷ. ನಮ್ಮ ಜಾತ್ರೆಗಳಲ್ಲಿ ಊರಿಗಿಂತ ದೊಡ್ಡದಾಗಿ ಜನ ಸೇರುತ್ತಾರಲ್ಲ, ಹಾಗೆ.

ನಾನು ಶುಕ್ರವಾರ ಸಂಜೆಯೇ ಹೋಗಿ ಹಳೆಯ ಊರಿನಲ್ಲಿ ಒಂದು ಸುತ್ತು ಹಾಕಿದೆ. ನದಿಯ ದಂಡೆಗೆ ರೋಮನ್ನರ ಕಾಲದ ಕೋಟೆಗೋಡೆ, ಮೇಲೆ ಸಂತ ಜೂಲಿಯನ್ ಹೆಸರಿನ ಭಾರಿ ಚರ್ಚು, ಮರದ ಚೌಕಟ್ಟಿನ ಹಳೆಯ ಮನೆಗಳು. ರೈಟ್ ಸಹೋದರರಲ್ಲಿ ದೊಡ್ಡವನಾದ ವಿಲ್ಬರ್ ರೈಟ್ 1908ರಲ್ಲಿ ಯುರೋಪಿನ ಜನರೆದುರು ಮೊದಲ ಸಲ ವಿಮಾನ ಹಾರಿಸಿ ತೋರಿಸಿದ್ದೂ ಈ ಊರಿನ ಪಕ್ಕದ ಬಯಲಿನಲ್ಲೇ. ಯಂತ್ರಗಳ ಹುಚ್ಚು ಈ ಊರಿಗೆ ಇವತ್ತಿನದಲ್ಲ.

ಊರಿನ ಟ್ರಾಮ್ ಕೊನೆಯ ನಿಲ್ದಾಣದಲ್ಲಿ ಇಳಿಸಿದರೆ ಅಲ್ಲಿಂದ ನಡೆದುಕೊಂಡೇ ರೇಸಿನ ಜಾಗಕ್ಕೆ ಹೋಗಬಹುದು. ನಾನು ಅಂದುಕೊಂಡಿದ್ದು ಕ್ರಿಕೆಟ್ ಸ್ಟೇಡಿಯಂ ಥರ ಒಂದು ಕಡೆ ಕೂತರೆ ಎಲ್ಲ ಕಾಣುತ್ತೆ ಅಂತ. ಹಾಗೇನಿಲ್ಲ. ಒಂದು ಸುತ್ತಿನ ಉದ್ದವೇ 13.626 ಕಿಲೋಮೀಟರ್! ಅದರಲ್ಲಿ ಬಹುಪಾಲು ಸಾರ್ವಜನಿಕ ರಸ್ತೆ. ವರ್ಷವಿಡೀ ಊರಿನ ಕಾರು, ಲಾರಿ ಓಡಾಡುವ ರಸ್ತೆಗಳನ್ನು ಮುಚ್ಚಿ ರೇಸ್ ನಡೆಸುತ್ತಾರೆ. ಹುನೊಡಿಯೆರ್ ಅನ್ನುವ ಸುಮಾರು ಆರು ಕಿಲೋಮೀಟರ್ ಉದ್ದದ ನೇರ ರಸ್ತೆಯಲ್ಲಿ 1988ರಲ್ಲಿ ಒಂದು ಕಾರು ಗಂಟೆಗೆ 405 ಕಿಲೋಮೀಟರ್ ವೇಗ ಮುಟ್ಟಿತ್ತಂತೆ. ಇದು ಅತಿಯಾಯಿತು ಅಂತ 1990ರಲ್ಲಿ ಆ ರಸ್ತೆಯ ನಡುವೆ ಎರಡು ಕಡೆ ತಿರುವು ಹಾಕಿದರು. ಈಗಲೂ ಮುನ್ನೂರು ದಾಟಿಯೇ ಹೋಗುತ್ತಾರೆ.

1923ರ ಮೇ ತಿಂಗಳಲ್ಲಿ ಮೊದಲ ರೇಸ್ ನಡೆದಾಗ ಉದ್ದೇಶ ವೇಗವಾಗಿರಲಿಲ್ಲ. ಕಾರು ಕೊಳ್ಳುವವರಿಗೆ ಕಾರು ಕೆಟ್ಟು ನಿಲ್ಲುವುದಿಲ್ಲ, ರಾತ್ರಿ ಅದರ ದೀಪ ಆರುವುದಿಲ್ಲ ಅಂತ ನಂಬಿಕೆ ಬರಬೇಕಿತ್ತು. ಅದಕ್ಕೇ ಇಪ್ಪತ್ನಾಲ್ಕು ಗಂಟೆ. ಈಗ ಆ ಸಮಯದಲ್ಲಿ ಯಾರು ಹೆಚ್ಚು ದೂರ ಹೋಗುತ್ತಾರೋ ಅವರು ಗೆದ್ದ ಹಾಗೆ. ನಾವು ಸರ್ವರ್‌ಗಳ ಬಗ್ಗೆ ಮಾತಾಡುವಾಗಲೂ ಎಷ್ಟು ವೇಗ ಅನ್ನೋದಕ್ಕಿಂತ ಎಷ್ಟು ಹೊತ್ತು ನಿಲ್ಲದೆ ನಡೆಯುತ್ತೆ ಅಂತಲೇ ಕೇಳುವುದು. ಹಾಗಾಗಿ ಈ ರೇಸಿನ ಮರ್ಮ ನನಗೆ ಬೇಗ ಹಿಡಿಯಿತು.

ಒಬ್ಬನೇ ಓಡಿಸಿದವನ ಕಥೆ

ಶನಿವಾರ ಬೆಳಿಗ್ಗೆ ಸಹೋದ್ಯೋಗಿಯ ಗುಂಪನ್ನು ಸೇರಿಕೊಂಡೆ. ಹುಲ್ಲಿನ ಮೈದಾನದಲ್ಲಿ ಸಾಲು ಸಾಲು ಡೇರೆ, ಒಲೆಯ ಹೊಗೆ, ಮಡಚುವ ಕುರ್ಚಿ, ಬಾವುಟ. ಈ ಊರಿನ ಹೆಮ್ಮೆಯ ತಿಂಡಿ ರಿಯೆತ್. ಹಂದಿಮಾಂಸವನ್ನು ನಿಧಾನವಾಗಿ ಬೇಯಿಸಿ ಬ್ರೆಡ್ಡಿಗೆ ಸವರುವಂತೆ ಮಾಡಿರುತ್ತಾರೆ. ಅವರು ಅದನ್ನು ಕೊಟ್ಟರು, ನಾನು ಅಮ್ಮ ಕಳಿಸಿದ್ದ ಹುರಿಗಡಲೆ ಚಟ್ನಿಪುಡಿಯನ್ನು ಬೆಣ್ಣೆ ಹಚ್ಚಿದ ಬ್ರೆಡ್ಡಿನ ಮೇಲೆ ಉದುರಿಸಿ ಕೊಟ್ಟೆ. ಮಧ್ಯಾಹ್ನದ ಹೊತ್ತಿಗೆ ಡಬ್ಬಿ ಅರ್ಧ ಖಾಲಿ.

ಮೂವತ್ತು ವರ್ಷದಿಂದ ತಪ್ಪದೆ ಬರುತ್ತಿರುವ ಆ ಸಹೋದ್ಯೋಗಿ ಹಳೆಯ ಕಥೆಗಳ ಗಣಿ. ಅವರು ಹೇಳಿದ ಒಂದು ಕಥೆ ನನ್ನನ್ನು ಇಡೀ ದಿನ ಕಾಡಿತು. 1952ರಲ್ಲಿ ಪಿಯರ್ ಲೆವೆ ಎಂಬ ಫ್ರೆಂಚ್ ಚಾಲಕ ತನ್ನ ಟಾಲ್ಬೊ ಕಾರಿನಲ್ಲಿ ರೇಸಿಗಿಳಿದ. ಸಹಚಾಲಕ ರೆನೆ ಮಾರ್ಶಾಂ ಹೆಲ್ಮೆಟ್ ಹಿಡಿದು ಕಾಯುತ್ತಲೇ ಇದ್ದ. ಲೆವೆ ಸ್ಟೀರಿಂಗ್ ಬಿಟ್ಟುಕೊಡಲೇ ಇಲ್ಲ. ಇಂಜಿನ್ನಿನಲ್ಲಿ ಏನೋ ನಡುಕ ಇದೆ, ಅದನ್ನು ಸಂಭಾಳಿಸೋದು ತನಗೊಬ್ಬನಿಗೇ ಗೊತ್ತು ಅನ್ನೋದು ಅವನ ವಾದ. ಹಗಲು, ರಾತ್ರಿ, ಮತ್ತೆ ಹಗಲು. ಇಪ್ಪತ್ತೆರಡು ಗಂಟೆಗೂ ಹೆಚ್ಚು ಕಾಲ ಒಬ್ಬನೇ ಓಡಿಸಿದ. ದೊಡ್ಡ ಅಂತರದಲ್ಲಿ ಮುಂದಿದ್ದ. ರೇಸ್ ಮುಗಿಯಲು ಇನ್ನೊಂದು ಗಂಟೆಯ ಆಸುಪಾಸು ಉಳಿದಿದ್ದಾಗ ಇಂಜಿನ್ ಮುರಿಯಿತು. ದಣಿವಿನಲ್ಲಿ ತಪ್ಪು ಗೇರ್ ಹಾಕಿದ್ದೇ ಕಾರಣ ಅಂತ ಹೇಳುವವರು ಹೆಚ್ಚು. ಗೆಲುವು ಮರ್ಸಿಡಿಸ್ ಪಾಲಾಯಿತು.

ಅದೇ ಲೆವೆ 1955ರಲ್ಲಿ ಇಲ್ಲೇ, ಈ ಸಲ ಮರ್ಸಿಡಿಸ್ ಓಡಿಸುವಾಗ, ಮುಂದಿನ ಕಾರಿಗೆ ತಗುಲಿ ಅವನ ಕಾರು ಜನರ ಮಧ್ಯೆ ಹಾರಿಬಿತ್ತು. ಅವನೂ ಸತ್ತ, ಎಂಬತ್ತಕ್ಕೂ ಹೆಚ್ಚು ಪ್ರೇಕ್ಷಕರೂ ಸತ್ತರು. ಕಾರ್ ರೇಸಿನ ಚರಿತ್ರೆಯಲ್ಲೇ ಅದಕ್ಕಿಂತ ದೊಡ್ಡ ದುರಂತ ಇಲ್ಲ. ನಾವು ಕೂತ ಮೈದಾನದಿಂದ ಆ ಜಾಗ ಹೆಚ್ಚು ದೂರವಿರಲಿಲ್ಲ. ಕಥೆ ಹೇಳುವಾಗ ಸಹೋದ್ಯೋಗಿಯ ದನಿ ತಗ್ಗಿತು.

ಈಗ ಒಬ್ಬ ಚಾಲಕ ಆರು ಗಂಟೆಯ ಅವಧಿಯಲ್ಲಿ ನಾಲ್ಕು ಗಂಟೆಗಿಂತ ಹೆಚ್ಚು ಓಡಿಸುವ ಹಾಗಿಲ್ಲ. ಒಟ್ಟು ಹದಿನಾಲ್ಕು ಗಂಟೆ ಮೀರುವ ಹಾಗಿಲ್ಲ. "ಬಿಟ್ಟುಕೊಡೋದು ಮನುಷ್ಯನಿಗೆ ತಾನಾಗೇ ಬರಲ್ಲ, ಅದಕ್ಕೇ ನಿಯಮ ಮಾಡಿದ್ದು" ಅಂದರು ಸಹೋದ್ಯೋಗಿ. ನಾನು ಚಟ್ನಿಪುಡಿ ಡಬ್ಬಿಯ ಮುಚ್ಚಳ ಹಾಕುತ್ತ ಕೂತೆ.

ಐವತ್ತು ವರ್ಷದ ನಂತರ

ಸಂಜೆ ನಾಲ್ಕಕ್ಕೆ ಅಮೆರಿಕದ ಬ್ಯಾಸ್ಕೆಟ್‌ಬಾಲ್ ಆಟಗಾರ ಲೆಬ್ರಾನ್ ಜೇಮ್ಸ್ ಫ್ರಾನ್ಸಿನ ಬಾವುಟ ಬೀಸಿದ. ಒಟ್ಟು 62 ಕಾರುಗಳು. ಅತಿ ವೇಗದ ಹೈಪರ್‌ಕಾರ್‌ಗಳು 16. ಉಳಿದವು ಬೇರೆ ವಿಭಾಗದವು. ಎಲ್ಲವೂ ಒಂದೇ ರಸ್ತೆಯಲ್ಲಿ, ಒಟ್ಟಿಗೆ. ನಮ್ಮ ಹೆದ್ದಾರಿಯಲ್ಲಿ ಐರಾವತ ಬಸ್ಸು, ಕಬ್ಬಿನ ಟ್ರ್ಯಾಕ್ಟರು, ಬೈಕು ಒಟ್ಟಿಗೆ ಹೋಗುತ್ತವಲ್ಲ, ಅದನ್ನೇ ಮುನ್ನೂರು ಕಿಲೋಮೀಟರ್ ವೇಗದಲ್ಲಿ ಕಲ್ಪಿಸಿಕೊಳ್ಳಿ.

ಎಲ್ಲರ ಕಣ್ಣು ಎರಡು ಕೆಂಪು ಕಾರುಗಳ ಮೇಲೆ. ಫೆರಾರಿ ಇಲ್ಲಿ ಕೊನೆಯ ಸಲ ಒಟ್ಟಾರೆ ಗೆದ್ದದ್ದು 1965ರಲ್ಲಿ. 1973ರ ನಂತರ ಕಂಪನಿ ಮೇಲಿನ ವಿಭಾಗದಲ್ಲಿ ಸ್ಪರ್ಧಿಸುವುದನ್ನೇ ಬಿಟ್ಟಿತ್ತು. ಐವತ್ತು ವರ್ಷ ಬಿಟ್ಟು ವಾಪಸ್ಸು ಬಂದದ್ದು ಈ ಸಲ. ಅದಕ್ಕೇ ಒಂದು ಕಾರಿನ ನಂಬರ್ 50. ಇನ್ನೊಂದು 51. ಎದುರಾಳಿ ಟೊಯೊಟಾ 2018ರಿಂದ 2022ರವರೆಗೆ ಸತತ ಐದು ಸಲ ಗೆದ್ದಿತ್ತು. ಪೋರ್ಷೆ, ಪೂಜೋ, ಕ್ಯಾಡಿಲಾಕ್ ಕೂಡ ಕಣದಲ್ಲಿದ್ದವು. ಫೆರಾರಿ ಕಾರುಗಳನ್ನು ಓಡಿಸುವ ತಂಡದ ಹೆಸರು ಎಎಫ್ ಕೋರ್ಸೆ. ಅದನ್ನು ಕಟ್ಟಿದವರು ಅಮಾಟೊ ಫೆರಾರಿ. ತಮಾಷೆ ಅಂದರೆ ಅವರಿಗೂ ಕಾರು ಕಂಪನಿಯ ಫೆರಾರಿ ಮನೆತನಕ್ಕೂ ಯಾವ ಸಂಬಂಧವೂ ಇಲ್ಲ. ಇಟಲಿಯಲ್ಲಿ ಫೆರಾರಿ ಅಂದರೆ ನಮ್ಮಲ್ಲಿ ಗೌಡ ಇದ್ದ ಹಾಗೆ.

ನಮ್ಮ ದೇಶದವರು ಯಾರಾದರೂ ಇಲ್ಲಿ ಓಡಿಸಿದ್ದಾರಾ ಅಂತ ನೀವು ಕೇಳಬಹುದು. 2012ರಲ್ಲಿ ಕರುಣ್ ಚಂಧೋಕ್ ಇಲ್ಲಿ ಸ್ಪರ್ಧಿಸಿದ ಮೊದಲ ಭಾರತೀಯ. 2019ರಲ್ಲಿ ನಮ್ಮ ಬೆಂಗಳೂರಿನ ಅರ್ಜುನ್ ಮೈನಿ ಎರಡನೇ ದರ್ಜೆಯ ವಿಭಾಗದಲ್ಲಿ ಓಡಿಸಿದ್ದರು. ಇದನ್ನು ಹೇಳಿದಾಗ ಗುಂಪಿನಲ್ಲಿ ನನ್ನ ಮರ್ಯಾದೆ ಸ್ವಲ್ಪ ಹೆಚ್ಚಾಯಿತು.

ಮೊದಲ ಸುತ್ತಿನಲ್ಲೇ ಒಂದು ಕ್ಯಾಡಿಲಾಕ್ ತಡೆಗೋಡೆಗೆ ಬಡಿಯಿತು. ಸಂಜೆ ಮಳೆ ಬಂತು. ಅದೂ ಎಂಥ ಮಳೆ ಅಂತೀರಿ, ಟ್ರ್ಯಾಕಿನ ಒಂದು ಕಡೆ ಸುರಿಯುತ್ತೆ, ಇನ್ನೊಂದು ಕಡೆ ಬಿಸಿಲು. ಒಣ ರಸ್ತೆಗೆ ಹಾಕಿದ ಟೈರಿನಲ್ಲಿ ನೀರಿಗೆ ಹೋದವರು ಒಬ್ಬರ ಹಿಂದೊಬ್ಬರು ಜಾರಿದರು. ಮುಂದೆ ಓಡುತ್ತಿದ್ದ ಒಂದು ಪೋರ್ಷೆಯೂ ಗೋಡೆಗೆ ತಾಗಿತು.

ಕಾರುಗಳು ಸುಮಾರು ಮುಕ್ಕಾಲು ಗಂಟೆಗೊಮ್ಮೆ ಇಂಧನಕ್ಕೆ ಒಳಗೆ ಬರುತ್ತವೆ. ಆ ಇಂಧನವೂ ದ್ರಾಕ್ಷಾರಸ ತಯಾರಿಸಿ ಉಳಿದ ಚರಟದಿಂದ ಮಾಡಿದ್ದು. ಇಂಧನ ತುಂಬುವಾಗ ಇಂಜಿನ್ ಆಫ್ ಮಾಡಲೇಬೇಕು. ಚಾಲಕ ಬದಲಾಗುವುದಿದ್ದರೆ ಇಳಿಯುವವನು ಹೊರಗೆ ಹಾರಿ, ಹತ್ತುವವನ ಬೆಲ್ಟು ಬಿಗಿಯೋಕೆ ತಾನೇ ಬಗ್ಗಿ ನಿಲ್ಲುತ್ತಾನೆ. ನಾನು ದೊಡ್ಡ ಪರದೆಯ ಮೇಲೆ ಇದನ್ನೇ ಮತ್ತೆ ಮತ್ತೆ ನೋಡುತ್ತಿದ್ದೆ. ಗಂಟೆಗಟ್ಟಲೆ ಓಡಿಸಿ ಬೆವರಲ್ಲಿ ತೊಯ್ದವನು ತನ್ನ ಜಾಗದಲ್ಲಿ ಇನ್ನೊಬ್ಬನನ್ನು ಕೂರಿಸಿ, ಬೆಲ್ಟು ಸರಿಯಿದೆಯಾ ಅಂತ ಎಳೆದು ನೋಡಿ, ಹೆಲ್ಮೆಟ್ ಮೇಲೆ ಒಂದು ತಟ್ಟಿ ಹೋಗುತ್ತಾನೆ.

ಆರ್ನಾಜ್ ತಿರುವಿನಲ್ಲಿ ಫೋನು

ಜೂನ್‌ನಲ್ಲಿ ಅಲ್ಲಿ ಕತ್ತಲಾಗುವುದೇ ರಾತ್ರಿ ಹತ್ತಕ್ಕೆ. ಪ್ರೇಕ್ಷಕರಿಗಾಗಿ ಬಿಟ್ಟಿದ್ದ ಬಸ್ಸು ಹತ್ತಿ ಆರ್ನಾಜ್ ಎಂಬ ತಿರುವಿಗೆ ಹೋದೆವು. ಇಡೀ ಟ್ರ್ಯಾಕಿನಲ್ಲೇ ಅತಿ ನಿಧಾನದ ತಿರುವು ಅದು. ದೂರದ ಕಾಡಿನೊಳಗಿಂದ ದೀಪ ಬರುತ್ತವೆ, ಬ್ರೇಕ್ ಒತ್ತಿದಾಗ ಚಕ್ರದೊಳಗಿನ ಡಿಸ್ಕು ಕಮ್ಮಾರನ ಕುಲುಮೆಯ ಕಬ್ಬಿಣದ ಹಾಗೆ ಕೆಂಪಗಾಗುತ್ತದೆ, ತಿರುಗಿ ಮತ್ತೆ ಕತ್ತಲಿಗೆ ಹೋಗುತ್ತವೆ. ಪೂಜೋ ಮುನ್ನಡೆ ಹಿಡಿದಾಗ ಫ್ರೆಂಚ್ ಜನ ಕುಣಿದೇಬಿಟ್ಟರು. ಆದರೆ ಆ ಕಾರೂ ರಾತ್ರಿಯೇ ಗೋಡೆಗೆ ಬಡಿದು ಹಿಂದೆ ಬಿತ್ತು. ಮಧ್ಯರಾತ್ರಿಯ ಹೊತ್ತಿಗೆ 7ನೇ ನಂಬರಿನ ಟೊಯೊಟಾ, ನಿಧಾನವಾಗಿ ಹೋಗಬೇಕಾದ ಜಾಗದಲ್ಲಿ ವೇಗ ತಗ್ಗಿಸಿದಾಗ, ಹಿಂದಿನಿಂದ ಬಂದವರು ಗುದ್ದಿದರು. ಅದರ ಕಥೆ ಅಲ್ಲಿಗೆ ಮುಗಿಯಿತು. 50ನೇ ನಂಬರಿನ ಫೆರಾರಿಗೆ ಕಲ್ಲು ಬಡಿದು ರೇಡಿಯೇಟರ್ ತೂತಾಯಿತು, ರಿಪೇರಿಗೆ ಹೋದ ಸಮಯ ಮತ್ತೆ ಸಿಗಲಿಲ್ಲ. ಉಳಿದದ್ದು 51 ಮತ್ತು ಟೊಯೊಟಾದ 8.

ಒಂದು ಗಂಟೆಗೆ ಮನೆಗೆ ಫೋನ್ ಮಾಡಿದೆ. ನಮ್ಮಲ್ಲಿ ನಾಲ್ಕೂವರೆ. ಅಪ್ಪನಿಗೆ ಆ ಹೊತ್ತಿಗೆ ಎಚ್ಚರವಾಗುವುದು ಡ್ಯೂಟಿಯ ಕಾಲದಿಂದ ಬಂದ ಅಭ್ಯಾಸ. ಫೋನನ್ನು ಎತ್ತಿ ಹಿಡಿದು ಸದ್ದು ಕೇಳಿಸಿದೆ.

"ಅಬ್ಬಾ! ಬ್ರೇಕ್ ಲೈನಿಂಗ್ ಎಷ್ಟು ಸಲ ಬದಲಾಯಿಸ್ತಾರೋ?"

"ಸಾಮಾನ್ಯವಾಗಿ ಪೂರ್ತಿ ರೇಸಿಗೆ ಬರೋ ಹಾಗೆ ಮಾಡಿರ್ತಾರಂತೆ ಅಪ್ಪಾ."

"ಉಳಿದ ಇಬ್ಬರು ಡ್ರೈವರು ಈಗ ಏನ್ ಮಾಡ್ತಿರ್ತಾರೆ?"

"ಮಲಗಿರ್ತಾರೆ."

ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಹೇಳಿದರು, "ಗಾಡಿ ಓಡಿಸೋದು ಯಾರು ಬೇಕಾದ್ರೂ ಕಲೀತಾರೆ ಮಗಾ. ಇನ್ನೊಬ್ಬ ಓಡಿಸ್ತಿರೋವಾಗ ನಿದ್ದೆ ಮಾಡೋದು ಐತಲ್ಲ, ಅದನ್ನ ಕಲಿಯೋಕೆ ನನಗೆ ಎರಡು ವರ್ಷ ಬೇಕಾಯ್ತು. ಮುಂಬೈ ರೂಟಿಗೆ ಹಾಕಿದಾಗ ಹಿಂದೆ ಮಲಗಿದ್ರೂ ಪ್ರತಿ ಟರ್ನಿಂಗಲ್ಲೂ ಕಾಲು ಬ್ರೇಕ್ ಒತ್ತೋದು. ನನ್ನ ಜೊತೆಗಿದ್ದೋನು ನನಗಿಂತ ಚೆನ್ನಾಗೇ ಓಡಿಸ್ತಿದ್ದ. ಆದರೂ ನಂಬಿಕೆ ಬರ್ತಿರಲಿಲ್ಲ. ನಿದ್ದೆಗೆಟ್ಟು ನಾನು ಕೂತಾಗಲೇ ಒಂದ್ಸಲ ಡಿವೈಡರಿಗೆ ಹತ್ತಿಸಿದ್ದು. ಜನಕ್ಕೇನೂ ಆಗ್ಲಿಲ್ಲ, ದೇವರು ದೊಡ್ಡೋನು."

ಈ ವಿಷಯ ನನಗೆ ಗೊತ್ತೇ ಇರಲಿಲ್ಲ. ಅಮ್ಮನಿಗೂ ಹೇಳಿರಲಿಕ್ಕಿಲ್ಲ. ಫೆಬ್ರುವರಿಯ ಆ ರಾತ್ರಿ ಏನಾಯಿತು ಅಂತ ನಾನೂ ಅಪ್ಪನಿಗೆ ಪೂರ್ತಿ ಹೇಳಿರಲಿಲ್ಲ. ಆ ಗದ್ದಲದಲ್ಲೇ ನಿಂತು ಹೇಳಿದೆ. ಹನ್ನೊಂದು ಮಿಸ್ಡ್ ಕಾಲ್ ನೋಡಿದಾಗ ಏನನ್ನಿಸಿತು ಅನ್ನೋದನ್ನೂ ಹೇಳಿದೆ. ಎಷ್ಟು ಕೇಳಿಸಿತೋ ಗೊತ್ತಿಲ್ಲ. "ಸರಿ ಬಿಡು, ಈಗ ಹೋಗಿ ಮಲಕ್ಕೋ" ಅಂದರು.

ಡೇರೆಗೆ ವಾಪಸ್ಸು ಬರುವಾಗ ಬೆಂಗಳೂರಿನಿಂದ ಮೊಬೈಲಿಗೆ ಮೆಸೇಜು ಬಂತು. ಒಂದು ಸರ್ವಿಸ್ ನಿಧಾನವಾಗಿದೆಯಂತೆ. ಆ ವಾರ ಡ್ಯೂಟಿಯಲ್ಲಿದ್ದದ್ದು ಅದೇ ಹುಡುಗಿ. ಕಾರಣ ಏನಿರಬಹುದು ಅಂತ ನನಗೆ ಹೊಳೆದಿತ್ತು. ಟೈಪ್ ಮಾಡೋಕೂ ಶುರುಮಾಡಿದೆ. ಆಮೇಲೆ ಅಳಿಸಿದೆ. ಅವಳು ನನ್ನನ್ನು ಕೇಳಿರಲಿಲ್ಲ, ಎಲ್ಲರಿಗೂ ಹೋಗುವ ಮೆಸೇಜು ಅದು. ಬೇಕಾದರೆ ಫೋನ್ ಮಾಡುತ್ತಾಳೆ. ರಿಂಗ್ ಜೋರಾಗಿಟ್ಟು, ಕಿವಿಯ ಪಕ್ಕ ಫೋನ್ ಇಟ್ಟುಕೊಂಡು ಮಲಗಿದೆ. ಕಾಲು ಬ್ರೇಕ್ ಒತ್ತುತ್ತಲೇ ಇತ್ತು. ಯಾವಾಗ ನಿದ್ದೆ ಹತ್ತಿತೋ ತಿಳಿಯದು.

ಎದ್ದಾಗ ಬೆಳಕಾಗಿತ್ತು. ಸರ್ವಿಸ್ ಸರಿಹೋಗಿತ್ತು. ನನಗೆ ಹೊಳೆದ ಕಾರಣ ತಪ್ಪಾಗಿತ್ತು.

ಆಫ್ ಮಾಡಿ, ಆನ್ ಮಾಡಿ

ಭಾನುವಾರ ಬೆಳಗಿನಿಂದ 51 ಮತ್ತು 8ರ ನಡುವೆ ಹಗ್ಗಜಗ್ಗಾಟ. ಹದಿನೈದು ಹದಿನಾರು ಗಂಟೆ ಓಡಿದ ಮೇಲೂ ನಡುವೆ ಸೆಕೆಂಡುಗಳ ಲೆಕ್ಕ. 51ರಲ್ಲಿ ಇಟಲಿಯ ಅಲೆಸ್ಸಾಂಡ್ರೊ ಪಿಯರ್ ಗೈಡಿ, ಇಂಗ್ಲೆಂಡಿನ ಜೇಮ್ಸ್ ಕಲಾಡೊ, ಫಾರ್ಮುಲಾ ಒನ್‌ನಲ್ಲಿ ಓಡಿಸಿ ಬಂದಿದ್ದ ಆಂಟೋನಿಯೊ ಜೊವಿನಾಜ್ಜಿ. ಟೊಯೊಟಾದಲ್ಲಿ ಬುಯೆಮಿ, ಹಾರ್ಟ್ಲಿ, ಜಪಾನಿನ ರ್‍ಯೋ ಹಿರಾಕಾವಾ.

ಎರಡು ಗಂಟೆಗೂ ಕಡಿಮೆ ಸಮಯ ಉಳಿದಿತ್ತು. ಫೆರಾರಿಯನ್ನು ಬೆನ್ನಟ್ಟುತ್ತಿದ್ದ ಹಿರಾಕಾವಾ ಆರ್ನಾಜ್‌ಗೆ ಬಂದಾಗ ಹಿಂದಿನ ಚಕ್ರ ಲಾಕ್ ಆಗಿ ಕಾರು ತಿರುಗಿ ಗೋಡೆಗೆ ಬಡಿಯಿತು. ರಾತ್ರಿ ನಾನು ಫೋನ್ ಹಿಡಿದು ನಿಂತಿದ್ದ ಅದೇ ತಿರುವು. ಮುಂದಿನ ಮೂತಿ, ಹಿಂದಿನ ಬಾಲ ಎರಡೂ ಮುರಿದಿದ್ದವು. ಹೇಗೋ ಒಳಗೆ ತಂದ. ಮೆಕ್ಯಾನಿಕ್‌ಗಳು ಎರಡನ್ನೂ ಬದಲಿಸಿ ವಾಪಸ್ಸು ಕಳಿಸಿದರು. ಅವನ ತಂಡದವರು ಯಾರೂ ತಲೆ ಮೇಲೆ ಕೈ ಹೊತ್ತು ಕೂರಲಿಲ್ಲ. ಅವನನ್ನೇ ಕೊನೆಯವರೆಗೂ ಓಡಿಸಲು ಬಿಟ್ಟರು. ನನಗೆ ಫೆರಾರಿ ಗೆಲ್ಲಬೇಕು ಅಂತಿತ್ತು, ಆದರೂ ಆ ಹುಡುಗನಿಗಾಗಿ ಹೊಟ್ಟೆ ಚುರ್ ಅಂತು.

ಇನ್ನೇನು ಮುಗಿಯಿತು ಅಂದುಕೊಂಡೆವು. ಅರ್ಧ ಗಂಟೆಯೂ ಇರಲಿಲ್ಲ. ಪಿಯರ್ ಗೈಡಿ ಕೊನೆಯ ಸಲ ಇಂಧನಕ್ಕೆ ಒಳಗೆ ಬಂದ. ತುಂಬಿ ಆಯಿತು. ಕಾರು ಹೊರಡಬೇಕು.

ಹೊರಡಲಿಲ್ಲ.

ನಮ್ಮ ಸುತ್ತ ಕೂಗುತ್ತಿದ್ದ ಸಾವಿರಾರು ಜನ ಥಟ್ಟನೆ ಸುಮ್ಮನಾದರು. ಅದಕ್ಕೂ ಮೊದಲೊಮ್ಮೆ, ಬೆಳಿಗ್ಗೆ, ಹೀಗೇ ಆಗಿತ್ತಂತೆ. ಇಂಜಿನ್ ಅಲ್ಲ, ಎಲೆಕ್ಟ್ರಾನಿಕ್ಸ್ ತಕರಾರು. ಮಾಡಿದ್ದೇನು ಗೊತ್ತೇ? ಇಡೀ ಸಿಸ್ಟಮ್ ಆಫ್ ಮಾಡಿ ಮತ್ತೆ ಆನ್ ಮಾಡಿದ್ದು! ನಮ್ಮ ವೃತ್ತಿಯ ಅತಿ ಹಳೆಯ ಜೋಕು ಅದು. ಕಂಪ್ಯೂಟರ್ ಕೆಟ್ಟಿದೆ ಅಂತ ಯಾರು ಫೋನ್ ಮಾಡಿದರೂ ನಾವು ಹೇಳುವ ಮೊದಲ ಮಾತು. ಅವತ್ತು ನನಗೆ ನಗು ಬರಲಿಲ್ಲ. ಸ್ಕ್ರೀನ್ ಕಪ್ಪಾಗಿ ಮತ್ತೆ ಬೆಳಗುವವರೆಗಿನ ಆ ಕೆಲವು ಸೆಕೆಂಡು ಎಷ್ಟು ಉದ್ದ ಅನ್ನೋದು ಫೆಬ್ರುವರಿಯಿಂದ ನನಗೆ ಚೆನ್ನಾಗಿ ಗೊತ್ತು. ಕಾರು ಗುರ್ ಅಂತು. ಹೊರಟಿತು. ಪಕ್ಕದಲ್ಲಿದ್ದ ಪರಿಚಯವೇ ಇಲ್ಲದ ಇಟಲಿಯ ಅಜ್ಜ ನನ್ನನ್ನು ಬಾಚಿ ತಬ್ಬಿಕೊಂಡ.

ನಾಲ್ಕು ಗಂಟೆಗೆ ಬಾವುಟ ಬಿತ್ತು. 342 ಸುತ್ತು, ಅಂದರೆ ಸುಮಾರು 4,660 ಕಿಲೋಮೀಟರ್. ಬೆಂಗಳೂರಿನಿಂದ ದೆಹಲಿಗೆ ಹೋಗಿ ವಾಪಸ್ಸು ಬಂದರೂ ಅಷ್ಟಾಗುವುದಿಲ್ಲ. ಇಷ್ಟೆಲ್ಲ ಓಡಿ ಟೊಯೊಟಾಕ್ಕಿಂತ ಮುಂದಿದ್ದದ್ದು ಒಂದು ನಿಮಿಷ 21 ಸೆಕೆಂಡು ಮಾತ್ರ. ಕ್ಯಾಡಿಲಾಕ್ ಮೂರನೆಯದು. 50ನೇ ನಂಬರಿನ ಫೆರಾರಿ ಐದನೆಯದಾಗಿ ಬಂತು. ಫೆರಾರಿಗೆ ಇದು ಹತ್ತನೇ ಗೆಲುವು.

ಅವತ್ತಿನ ಇನ್ನೊಂದು ಗೆಲುವನ್ನೂ ಹೇಳಲೇಬೇಕು. ಎರಡನೇ ದರ್ಜೆಯ ವಿಭಾಗದಲ್ಲಿ ಗೆದ್ದದ್ದು ಪೋಲೆಂಡಿನ ಇಂಟರ್ ಯೂರೋಪೋಲ್ ತಂಡ. ಅದರ ಹಿಂದಿರುವುದು ಒಂದು ಬ್ರೆಡ್ಡು ತಯಾರಿಸುವ ಬೇಕರಿ! ಅವರ ಚಾಲಕ ಫಾಬಿಯೊ ಶೇರರ್‌ನ ಪಾದದ ಮೇಲೆ ರೇಸಿನ ಶುರುವಿನಲ್ಲೇ ಬೇರೆ ತಂಡದ ಕಾರು ಹರಿದಿತ್ತು. ಆ ನೋವಿನಲ್ಲೇ ತನ್ನ ಪಾಳಿ ಬಂದಾಗಲೆಲ್ಲ ಓಡಿಸಿದ. ಉಳಿದ ಸಮಯ ಜೊತೆಯ ಇಬ್ಬರು ನೋಡಿಕೊಂಡರು.

ಗೇಟು ತೆಗೆದ ಕೂಡಲೇ ಜನ ಟ್ರ್ಯಾಕಿಗೆ ನುಗ್ಗಿದರು. ನಾನೂ ಹೋದೆ. ಮೇಲೆ ಮೂವರು ಚಾಲಕರು ಒಂದೇ ಕಪ್ಪನ್ನು ಹಿಡಿದಿದ್ದರು. ಕಾಲ ಕೆಳಗೆ ಸವೆದ ಟೈರಿನ ಕಪ್ಪು ಚೂರುಗಳು ಜಲ್ಲಿಯ ಹಾಗೆ ಬಿದ್ದಿದ್ದವು. ಒಂದು ಹಿಡಿ ಆರಿಸಿ ಚಟ್ನಿಪುಡಿಯ ಖಾಲಿ ಡಬ್ಬಿಗೆ ಹಾಕಿಕೊಂಡೆ. ಮನೆಗೆ ಫೋನ್ ಮಾಡಿದಾಗ ರಾತ್ರಿ ಎಂಟರ ಹತ್ತಿರ. ಅಪ್ಪ ಕೇಳಿದ್ದು ಒಂದೇ, "ಮಲಗಿದ್ಯಾ?"

ಅಕ್ಟೋಬರಿನಲ್ಲಿ ಊರಿಗೆ ವಾಪಸ್ಸು ಬಂದೆ. ಡಬ್ಬಿ ಕೊಟ್ಟೆ. ಅಪ್ಪ ಒಂದು ಚೂರನ್ನು ಬಲಗೈಗೆ ತೆಗೆದುಕೊಂಡು ಕಷ್ಟಪಟ್ಟು ಹಿಸುಕಿ ನೋಡಿದರು, ಮೂಸಿದರು. "ಭಾಳ ಮೆತ್ತಗಿನ ರಬ್ಬರು. ನಮ್ ರೋಡಲ್ಲಿ ಶಿರಾಡಿ ಘಾಟಿ ಇಳಿಯೋದ್ರೊಳಗೆ ಮುಗಿದುಹೋಗ್ತದೆ" ಅಂತ ತೀರ್ಪು ಕೊಟ್ಟರು.

ಮಾರನೇ ವಾರ ಅವರನ್ನು ಬೆಂಗಳೂರಿಗೆ ಡಾಕ್ಟರ ಹತ್ತಿರ ತೋರಿಸಿಕೊಂಡು ಹಾಸನಕ್ಕೆ ಕಾರಿನಲ್ಲಿ ಕರೆತರುತ್ತಿದ್ದೆ. ನಾನು ಕಾರು ಕಲಿತು ಹತ್ತು ವರ್ಷವಾಗಿದೆ. ಅಪ್ಪ ಪಕ್ಕದಲ್ಲಿ ಕೂತರೆ ನನಗೆ ಲೈಸೆನ್ಸ್ ಪರೀಕ್ಷೆಯೇ. ಗೇರು ಇಳಿಸು, ಅವನಿಗೆ ಸೈಡ್ ಕೊಡು, ಮುಂದೆ ಹಂಪ್ ಐತೆ ಅಂತ ದಾರಿಯುದ್ದಕ್ಕೂ ಹೇಳುತ್ತಲೇ ಇರುತ್ತಾರೆ. ಅವತ್ತು ನೆಲಮಂಗಲ ದಾಟುವವರೆಗೂ ಹೇಳಿದರು. ಕುಣಿಗಲ್ ಹತ್ತಿರ ಬಂದಾಗ ಮಾತು ನಿಂತಿತು. ಏನಾಯಿತೋ ಅಂತ ಗಾಬರಿಯಾಗಿ ತಿರುಗಿ ನೋಡಿದೆ.

ಅಪ್ಪ ಸೀಟಿಗೆ ತಲೆಯೊರಗಿಸಿ ಗೊರಕೆ ಹೊಡೆಯುತ್ತಿದ್ದರು. ಹಾಸನ ಬರುವವರೆಗೂ ಏಳಲಿಲ್ಲ.